ಹನಿ ಬೀಳದ ಸೋರಿಕೆ: ಹಳೆಯ ಮಾರುತಿ 800ರ ಪೆಟ್ರೋಲ್ ದಾರಿಯ ಟಿಪ್ಪಣಿ

ಸೋದರಮಾವನ ಗಾಡಿ 1997ರ ಮಾರುತಿ 800. 796 ಸಿಸಿ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಇರುವ ಮಾದರಿ. ಸಮತಟ್ಟು ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ನಾಲ್ಕೈದು ತಿರುವು ದಾಟುತ್ತಿದ್ದಂತೆ ಜಗ್ಗತೊಡಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಹೊರಡುತ್ತದೆ. ಕಾರಣ ಸಿಗಲು ಮೂರು ಭಾನುವಾರ ಹಿಡಿಯಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಮೊದಲು ಬಟ್ಟಲು ನೋಡಿ

ಗಾಡಿ ನಿಂತ ಕೂಡಲೇ ಏರ್ ಫಿಲ್ಟರ್ ಮುಚ್ಚಳ ತೆಗೆದು, ಎಂಜಿನ್ ಆಫ್ ಇರುವಾಗಲೇ ಥ್ರಾಟಲ್ ಅನ್ನು ಕೈಯಿಂದ ಎಳೆದು ಕಾರ್ಬುರೇಟರಿನ ಬಾಯೊಳಗೆ ನೋಡಬೇಕು. ಸಣ್ಣ ಪೆಟ್ರೋಲ್ ಧಾರೆ ಚಿಮ್ಮಿದರೆ ಫ್ಲೋಟ್ ಬಟ್ಟಲಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಲ್ಲಿ) ಪೆಟ್ರೋಲ್ ಇದೆ ಎಂದರ್ಥ. ಆಗ ಜೆಟ್‌ಗಳ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳ, ಕಡೆ ಗಮನ ಕೊಡಬಹುದು. (ಧಾರೆ ಬಂದ ಮಾತ್ರಕ್ಕೆ ಮೇನ್ ಜೆಟ್ ಶುದ್ಧವಾಗಿದೆ ಎಂದು ತಿಳಿಯಬಾರದು, ಆ ಧಾರೆಯ ದಾರಿಯೇ ಬೇರೆ.) ನಮ್ಮ ಗಾಡಿಯಲ್ಲಿ ಒಂದು ಹನಿಯೂ ಚಿಮ್ಮಲಿಲ್ಲ. ಬಟ್ಟಲು ಒಣಗಿತ್ತು. ಅದಕ್ಕೂ ಮೊದಲು ಎರಡು ಸಲ ಕಾರ್ಬುರೇಟರ್ ತೊಳೆಸಿದ್ದೆವು. ಈ ಒಂದು ನಿಮಿಷದ ಪರೀಕ್ಷೆ ಗೊತ್ತಿದ್ದರೆ ಅದು ಬೇಕಿರಲಿಲ್ಲ.

ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದರೂ ಹೀಗೇ ಆಗುತ್ತದೆ. ಮುಚ್ಚಳ ತಿರುಗಿಸಿದಾಗ ‘ಹುಸ್’ ಎಂದು ಗಾಳಿ ಒಳಗೆ ನುಗ್ಗಿದರೆ ಅದೇ ಕಾರಣ. ನಮ್ಮಲ್ಲಿ ಸದ್ದಿಲ್ಲ. ಪೆಟ್ರೋಲ್ ಫಿಲ್ಟರ್ ಕೂಡ ಹೊಸದು.

ಬಿಸಿಯೇ ಕಾರಣ ಎಂದುಕೊಂಡದ್ದು

ಐದು ನಿಮಿಷ ತಣಿದರೆ ಸರಿಹೋಗುತ್ತಿತ್ತಲ್ಲ, ಹಾಗಾಗಿ ಎಂಜಿನ್ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿದೆ ಎಂದು ನಂಬಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕೊಡುವ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದೆ. ಪ್ರಯೋಜನವಾಗಲಿಲ್ಲ. ಮುಂದಿನ ಸಲ ನಿಂತಾಗ ಕಾಯಲೇ ಇಲ್ಲ. ತಡೆದು ತಡೆದು ಮೂರು ಸಲ ಸೆಲ್ಫ್ ಹೊಡೆದೆ. ಸುಡುವ ಎಂಜಿನ್ ಹಾಗೆಯೇ ಶುರುವಾಯಿತು. ಅಂದರೆ ಗಾಡಿಗೆ ಬೇಕಿದ್ದುದು ತಣಿಯಲು ಸಮಯವಲ್ಲ, ಬಟ್ಟಲು ತುಂಬಲು ಸಮಯ.

ನಾನು ಎಡವಿದ ಜಾಗ

ಮೆಕ್ಯಾನಿಕ್‌ಗಳು ಎಸಿ ಪಂಪ್ ಎನ್ನುವುದು ಎಂಜಿನ್ನಿನ ಕ್ಯಾಮ್‌ಶಾಫ್ಟ್‌ನಿಂದ ಓಡುವ ಪೆಟ್ರೋಲ್ ಪಂಪನ್ನು. ಲಿವರ್ ಡಯಾಫ್ರಮ್ಮನ್ನು (ಪಂಪಿನೊಳಗಿನ ಬಾಗುವ ಪೊರೆಯನ್ನು) ಎಳೆದಾಗ ಪೆಟ್ರೋಲ್ ಒಳಗೆ ಬರುತ್ತದೆ. ಸ್ಪ್ರಿಂಗ್ ಅದನ್ನು ಹಿಂದಕ್ಕೆ ದಬ್ಬಿದಾಗ ಕಾರ್ಬುರೇಟರಿಗೆ ಹೋಗುತ್ತದೆ. ಕಾರ್ಬುರೇಟರ್ ಕಡೆಯ ಹೋಸ್ ಬಿಚ್ಚಿ ಬಾಟಲಿಗೆ ಬಿಟ್ಟು, ಎಂಜಿನ್ ಶುರುವಾಗದಂತೆ ಕಾಯಿಲ್ ವೈರ್ ತೆಗೆದು ಸೆಲ್ಫ್ ಹೊಡೆದಾಗ ಪೆಟ್ರೋಲ್ ಪುಟಿಪುಟಿದು ಬಿತ್ತು. ಪಂಪ್ ಚೆನ್ನಾಗಿದೆ, ಎಲ್ಲೂ ಒಂದು ಹನಿ ಸೋರುತ್ತಿಲ್ಲ, ಆದ್ದರಿಂದ ಟ್ಯಾಂಕಿನಿಂದ ಇಲ್ಲಿಯವರೆಗೆ ಎಲ್ಲವೂ ಸರಿ ಎಂದು ತೀರ್ಮಾನಿಸಿದೆ. ತಪ್ಪಿದ್ದು ಇಲ್ಲೇ.

ಪಂಪಿನ ಮುಂದೆ, ಕಾರ್ಬುರೇಟರ್ ಕಡೆ, ಒತ್ತಡವಿದೆ, ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುತ್ತದೆ, ವಾಸನೆ ಹೊಡೆಯುತ್ತದೆ. ಪಂಪಿನ ಹಿಂದೆ, ಟ್ಯಾಂಕಿನ ಕಡೆ, ಇರುವುದು ಎಳೆತ. ಅಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣಗಿಯೇ ಇರುತ್ತದೆ.

ಇದು ತಲೆಗೆ ಹತ್ತಿದ್ದು ಮಾವ ಹೇಳಿದ ಒಂದು ಮಾತಿನಿಂದ: “ನಮ್ಮ ತೋಟದ ಮೋಟಾರ್ ಸಕ್ಷನ್ ಪೈಪ್ ಗಾಳಿ ಎಳೆದಾಗ ಎಲ್ಲಾದರೂ ನೀರು ಸೋರುತ್ತದೆಯೇನೋ?” ಸೋರುವುದಿಲ್ಲ. ನೀರು ಬಿಟ್ಟು ಬಿಟ್ಟು ಬರುತ್ತದೆ. ಸಕ್ಷನ್ ಪೈಪಿನ ಜಾಯಿಂಟಿಗೆ ಜೇಡಿಮಣ್ಣು ಮೆತ್ತುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದಂತೆಯೇ ಇದು: ನೀರು ಚೆಲ್ಲುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ.

ಈಗ ಘಾಟಿಯ ವರ್ತನೆಯೂ ಅರ್ಥವಾಗುತ್ತದೆ. ಸಮತಟ್ಟಿನಲ್ಲಿ ಎಂಜಿನ್ ಕೇಳುವುದೇ ಸ್ವಲ್ಪ. ಅರ್ಧ ಗಾಳಿ ಅರ್ಧ ಪೆಟ್ರೋಲ್ ಬಂದರೂ ಸಾಕಾಗುತ್ತದೆ. ಏರಿನಲ್ಲಿ ಬಟ್ಟಲು ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ಬಾಟಲಿ ಪರೀಕ್ಷೆ ಮೋಸ ಮಾಡಿದ್ದೂ ಇದಕ್ಕೇ: ಬಿದ್ದ ಪೆಟ್ರೋಲ್ ನೋಡಿದೆ, ನಡುನಡುವೆ ಉಗುಳಿದ ಗಾಳಿಯನ್ನು ಗಮನಿಸಲಿಲ್ಲ.

ಬಿರುಕು ಸಿಕ್ಕಿದ್ದು

ಪಂಪಿನ ಒಳಹರಿವಿನ ಬಾಯಿಗೆ ಪೆಟ್ರೋಲ್ ತಡೆಯುವ ಪಾರದರ್ಶಕ ಹೋಸಿನ ಗೇಣುದ್ದ ತುಂಡು ಸೇರಿಸಿ ಎಂಜಿನ್ ಓಡಿಸಿದೆ. ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಬಂದವು. ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಇದನ್ನು ಮಾಡಿ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಒಂದು ತೊಟ್ಟೂ ಬೀಳಬಾರದು.

ಆಮೇಲೆ ಪಂಪಿನ ಹಿಂದಿನ ರಬ್ಬರ್ ಹೋಸ್ ಬಿಚ್ಚಿ, ಪೆಟ್ರೋಲ್ ಪೂರ್ತಿ ಆರಿದ ಮೇಲೆ, ಒಂದು ತುದಿ ಮುಚ್ಚಿ ಬಕೆಟ್ ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಹಾಕಿದೆ, ಟ್ಯೂಬಿನ ಪಂಕ್ಚರ್ ನೋಡುವ ಹಾಗೆ. ಕ್ಲಿಪ್ ಕೂರುತ್ತಿದ್ದ ಗುರುತಿನ ಅಂಚಿನಿಂದ ಗುಳ್ಳೆ ಎದ್ದಿತು. ನೇರವಾಗಿ ಹಿಡಿದರೆ ಏನೂ ಕಾಣದು. ಬಗ್ಗಿಸಿದಾಗ ಮಾತ್ರ ಉಗುರಿನ ಗೀರಿನಷ್ಟು ಬಿರುಕು ಬಾಯಿ ಬಿಡುತ್ತದೆ.

ಈಗ ಬಂಕ್‌ನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ. ಎಥನಾಲ್ ತಾಳುವ ಹೋಸನ್ನೇ ಕೇಳಿ ತಂದು ಹಿಂದಿನ ಮೂರೂ ತುಂಡುಗಳನ್ನು ಕ್ಲಿಪ್ ಸಮೇತ ಬದಲಾಯಿಸಿದೆ. ಕಳೆದ ವಾರ ಘಾಟಿಯ 14 ತಿರುವುಗಳನ್ನೂ ಗಾಡಿ ಒಂದೇ ಉಸಿರಿಗೆ ಹತ್ತಿತು. ಮಾವ ಮೇಲೆ ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸಿ ಬಾನೆಟ್ ಎತ್ತಿದರು. ಪಾರದರ್ಶಕ ತುಂಡನ್ನು ಆ ದಿನಕ್ಕೆಂದು ಹಾಗೆಯೇ ಬಿಟ್ಟಿದ್ದೆ. ಅದರಲ್ಲಿ ಒಂದೂ ಗುಳ್ಳೆ ಇರಲಿಲ್ಲ.