ಹೆಬ್ಬಾರರ ಗೆರೆ, ನಮ್ಮ ತರಗತಿಯ ರಬ್ಬರು

ಡ್ರಾಯಿಂಗ್ ಕಲಿಸುವ ನನ್ನ ಬಳಿಗೆ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಚಿತ್ರಕಾರ ಕೆ.ಕೆ. ಹೆಬ್ಬಾರರ ನರ್ತಕಿಯ ಚಿತ್ರವೊಂದನ್ನು ಫೋನಿನಲ್ಲಿ ಹಿಡಿದುಕೊಂಡು ಬರುತ್ತಾರೆ. 'ಸರ್, ಇದ್ರಲ್ಲಿ ಇರೋದು ಏಳೆಂಟು ಗೆರೆ. ಅನಾಟಮಿ ಎಲ್ಲಾ ಯಾಕೆ ಕಲೀಬೇಕು?' ಎಂಬುದು ಅವರ ತಕರಾರು. ಮೊದಲು ರಬ್ಬರನ್ನು ನನ್ನ ಮೇಜಿನ ಮೇಲಿಡಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.

ಎದುರಿಗೆ ಸಹಪಾಠಿಯೊಬ್ಬ ನಿಲ್ಲುತ್ತಾನೆ. ಅವನ ಹೆಗಲಿನಿಂದ ಹಿಮ್ಮಡಿಯವರೆಗೆ ಇಂಕ್ ಪೆನ್ನಿನಲ್ಲಿ ಒಂದೇ ಗೆರೆ ಎಳೆಯಬೇಕು. ಸೊಂಟದ ಹತ್ತಿರ ಬರುತ್ತಿದ್ದಂತೆ ಹೆಚ್ಚಿನವರ ಪೆನ್ನು ನಿಂತುಬಿಡುತ್ತದೆ. ಮೈಭಾರ ಯಾವ ಕಾಲಿನ ಮೇಲಿದೆ ಎಂದು ಗೊತ್ತಿಲ್ಲದ ಕೈ ಅಲ್ಲಿ ಅನುಮಾನಿಸುತ್ತದೆ. ನಿಂತ ಜಾಗದಲ್ಲಿ ಶಾಯಿ ಹರಡಿ ಕಪ್ಪು ಚುಕ್ಕೆಯಾಗುತ್ತದೆ. ಆ ಚುಕ್ಕೆ ತೋರಿಸಿದ ಮೇಲೆಯೇ ನಾನು ಹೆಬ್ಬಾರರ ಕಥೆ ಶುರುಮಾಡುವುದು.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮೈಸೂರಿನ ಚಾಮರಾಜೇಂದ್ರ ಸಂಸ್ಥೆಯಲ್ಲಿ ಸ್ವಲ್ಪ ಕಾಲ, ಆಮೇಲೆ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಕಲಿಸಿದರು. ಅಂದರೆ ನೆರಳು-ಬೆಳಕು, ಅಳತೆ, ಮಾಡೆಲ್ ಮುಂದೆ ಕೂತು ಬರೆಯುವ ಆಂಗ್ಲ ಪದ್ಧತಿಯ ಆ ಶಿಸ್ತೆಲ್ಲ ಕೈಗೆ ಹತ್ತಿತ್ತು. ಅದರಲ್ಲಿ ತೃಪ್ತಿ ಸಿಗಲಿಲ್ಲ. ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು, ಫ್ರೆಂಚ್ ಚಿತ್ರಕಾರ ಗೋಗ್ಯಾನ್‌ನ ಸಪಾಟು ಬಣ್ಣ, ಜೈನ ಹಸ್ತಪ್ರತಿಗಳ ಪುಟ್ಟ ಚಿತ್ರಗಳು ಇವೆಲ್ಲ ಅವರನ್ನು ಬೇರೆ ದಾರಿಗೆ ಎಳೆದವು. ಪ್ಯಾರಿಸ್ಸಿನ ಕಲಾಶಾಲೆ ಅಕಾಡೆಮಿ ಜೂಲಿಯಾನ್‌ಗೆ ಹೋದದ್ದು ಇಷ್ಟೆಲ್ಲ ಆದಮೇಲೆ, 1949ರಲ್ಲಿ.

ನನಗೆ ಪ್ಯಾರಿಸ್‌ಗಿಂತ ಮುಖ್ಯವೆನಿಸುವುದು ಅವರ ಕಥಕ್. ಪಂಡಿತ್ ಸುಂದರ್ ಪ್ರಸಾದರ ಬಳಿ ಅವರು ನಾಟ್ಯ ಕಲಿತರು; ವೇದಿಕೆ ಏರಲೆಂದಲ್ಲ, ಲಯ ಹಿಡಿಯಲೆಂದು. ಅವರ ನರ್ತಕಿಯರನ್ನು ನೋಡಿ: ಗೆರೆ ಬೆನ್ನಿನ ಮೇಲೆ ತೆಳ್ಳಗೆ ಜಾರಿ, ಭಾರ ಇಳಿಯುವ ಮೊಣಕಾಲಲ್ಲಿ ತಿರುಗಿ, ಪಾದಕ್ಕೆ ಬರುವ ಮೊದಲೇ ಎಷ್ಟೋ ಸಲ ಮುಗಿದುಬಿಡುತ್ತದೆ. ಉಳಿದರ್ಧ ನಮ್ಮ ಕಣ್ಣೇ ಬರೆದುಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಹೆಜ್ಜೆ ಹಾಕಿ ನೋಡಿದ ಮೈಗೆ ತಿಳಿದಿತ್ತು ಎಂದೇ ನನ್ನ ನಂಬಿಕೆ. ಈ ರೇಖಾಚಿತ್ರಗಳ ಸಂಕಲನಕ್ಕೆ 'ದಿ ಸಿಂಗಿಂಗ್ ಲೈನ್' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಆದರೆ ಗೆರೆಗಳ ಈ ಜನಪ್ರಿಯತೆಯಿಂದ ಒಂದು ನಷ್ಟವೂ ಆಗಿದೆ. ರಂಗಪ್ರವೇಶದ ಆಮಂತ್ರಣ ಪತ್ರಿಕೆಗಳಲ್ಲಿ ಇವುಗಳ ಕಳಪೆ ನಕಲು ಕಂಡು ಕಂಡು (ನನಗಂತೂ ಸಾಕಾಗಿದೆ) ಜನ ಅವರ ಎಣ್ಣೆಬಣ್ಣದ ಕೆಲಸವನ್ನೇ ಮರೆತಿದ್ದಾರೆ. ಕ್ಯಾನ್ವಾಸಿನ ಹೆಬ್ಬಾರರು ಬೇರೆಯೇ ಮನುಷ್ಯ. ಅಲ್ಲಿ ಹಳ್ಳಿಯ ದುಡಿಮೆ, ಹಸಿವು, ಬರ ಎಲ್ಲವೂ ಇವೆ. ಕೊನೆಕೊನೆಗೆ ಬಣ್ಣ ಗಟ್ಟಿಯಾಗಿ, ಒರಟಾಗಿ ಕೂತು, ಆಕೃತಿಗಳು ಕರಗುತ್ತ ಹೋಗುತ್ತವೆ. 1989ರಲ್ಲಿ ಪದ್ಮಭೂಷಣ ಬಂತು, 1996ರಲ್ಲಿ ತೀರಿಕೊಂಡರು.

ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಅವರು ತಮ್ಮ ಕೃತಿಗಳನ್ನು ಕೊಟ್ಟಿದ್ದಾರೆ. ವಿದ್ಯಾರ್ಥಿಗಳಿಗೆ ನಾನು ಕೊಡುವ ಮನೆಗೆಲಸ ಇಷ್ಟೇ: ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಿ, ಫೋಟೋ ತೆಗೆಯಬೇಡಿ, ಗೆರೆ ಎಲ್ಲೆಲ್ಲಿ ಮುಗಿದಿದೆ ಎಂದು ಎಣಿಸಿ ಬನ್ನಿ. ವಾಪಸ್ ಬಂದವರು ರಬ್ಬರು ಕೇಳುವುದಿಲ್ಲ. ಮಾಡೆಲ್ ಯಾವಾಗ ಬರ್ತಾರೆ ಸರ್ ಎಂದು ಕೇಳುತ್ತಾರೆ.