ಟ್ರಾಫಿಕ್‌ನಲ್ಲಿ ನಿಂತರೆ ಅಂಬಾಸಿಡರ್ ಯಾಕೆ ಹೀಟ್ ಆಗುತ್ತದೆ?

ಪ್ರಶ್ನೆ: ನನ್ನದು ಹಳೇ 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಹೈವೇಯಲ್ಲಿ ಆರಾಮಾಗಿ ಓಡುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತುಬಿಡೋಣ ಅಂತಾರೆ. ಕೀಳಿಸಲಾ?

ದಯವಿಟ್ಟು ಬೇಡ. ಥರ್ಮೋಸ್ಟಾಟ್ ಅಂದರೆ ಇಂಜಿನ್ ನೀರು ರೇಡಿಯೇಟರ್‌ಗೆ ಹೋಗುವ ದಾರಿಯ ಕವಾಟ; ನೀರು 80 ಡಿಗ್ರಿ ಆಸುಪಾಸು ಬಂದಾಗಲೇ ಅದು ಬಾಯಿ ಬಿಡುತ್ತದೆ. ಸರಿಯಾಗಿದ್ದರೆ, ಇಂಜಿನ್ ಹೀಟ್ ಆಗುವ ಹೊತ್ತಿಗೆ ಅದು ಪೂರ್ತಿ ತೆರೆದೇ ಇರುತ್ತದೆ. ಕಿತ್ತು ಏನು ಲಾಭ? ಬೆಳಿಗ್ಗೆ ಇಂಜಿನ್ ಕಾಯಲು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೋರ್ (ಸಿಲಿಂಡರ್‌ನ ಒಳಗೋಡೆ) ಬೇಗ ಸವೆಯುತ್ತದೆ. ಅನುಮಾನ ಇದ್ದರೆ ಬಿಚ್ಚಿ, ದಾರ ಕಟ್ಟಿ, ಪಾತ್ರೆ ನೀರಲ್ಲಿ ಇಳಿಬಿಟ್ಟು ಕಾಯಿಸಿ. ಕುದಿ ಬರುವ ಮೊದಲೇ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ.

ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. ಓಡುವಾಗ ರೇಡಿಯೇಟರ್‌ಗೆ ಗಾಳಿ ತಾನಾಗಿ ಬಡಿಯುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಈ ಕಾರಿನಲ್ಲಿ ಫ್ಯಾನ್ ಮತ್ತು ವಾಟರ್ ಪಂಪ್ ಎರಡಕ್ಕೂ ಒಂದೇ ಬೆಲ್ಟ್. ಅದು ಸಡಿಲವಾಗಿ ಜಾರಿದರೆ ಗಾಳಿಯೂ ಕಮ್ಮಿ, ನೀರಿನ ಓಟವೂ ಕಮ್ಮಿ. ಮೊದಲು ಅದನ್ನೇ ನೋಡಿ. ಆಮೇಲೆ ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಧೂಳು, ಹುಳುಗಳನ್ನು ಇಂಜಿನ್ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಅಂದರೆ ಪ್ಲಗ್ ಕಿಡಿ ತಡವಾಗಿ ಹಾರುತ್ತಿದ್ದರೂ, ಹೀಟ್ ಆಗುತ್ತದೆ, ಅದನ್ನೂ ಚೆಕ್ ಮಾಡಿಸಿ. ಹೈವೇಯಲ್ಲೂ ಕಾಯುತ್ತಿದ್ದರೆ ನಾನು ರೇಡಿಯೇಟರ್ ಒಳಗಿನ ಕೊಳವೆ ಕಟ್ಟಿದೆ ಅನ್ನುತ್ತಿದ್ದೆ.

ಇನ್ನೊಂದು ಜಾಗವನ್ನು ಯಾರೂ ನೋಡುವುದಿಲ್ಲ. ಇಂಜಿನ್ ಬ್ಲಾಕ್‌ನ ಹಿಂಭಾಗದಲ್ಲಿ, ಕೆಳಗೆ, ನೀರು ಬಸಿಯಲು ಒಂದು ಪುಟ್ಟ ನಲ್ಲಿ (ಡ್ರೈನ್ ಟ್ಯಾಪ್) ಇದೆ. ತಿರುಗಿಸಿದರೆ ಎಷ್ಟೋ ಕಾರುಗಳಲ್ಲಿ ಒಂದು ಹನಿಯೂ ಬರುವುದಿಲ್ಲ! ಎರಕದ ಕಬ್ಬಿಣದ ತುಕ್ಕೆಲ್ಲ ಕೆಸರಾಗಿ ಅಲ್ಲಿ ಬಂದು ಕೂತಿರುತ್ತದೆ. ಇಂಜಿನ್ ತಣ್ಣಗಿರುವಾಗ ನಲ್ಲಿಯನ್ನೇ ಬಿಚ್ಚಿ, ತಂತಿಯಿಂದ ಕೆದಕಿ. ಚಾಕೊಲೇಟ್ ಬಣ್ಣದ ನೀರು ಹೊರಬರುತ್ತದೆ. ತಿಳಿಯಾಗುವವರೆಗೆ ಪೈಪ್ ಹಿಡಿದು ತೊಳೆಯಿರಿ. ಮತ್ತೆ ತುಂಬಿಸುವಾಗ ಬೋರ್‌ವೆಲ್ ನೀರು ಮಾತ್ರ ಬೇಡ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆಯೇ ಇಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬೆರೆಸಿ ಹಾಕಿ.

ಕಡೆಗೆ ರೇಡಿಯೇಟರ್ ಕ್ಯಾಪ್. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿದಿಟ್ಟು ಆ ಮಿತಿಯನ್ನು ಮೇಲೇರಿಸುವುದೇ ಕ್ಯಾಪ್ ಕೆಲಸ. ರಬ್ಬರ್ ಒಣಗಿದ್ದರೆ ಬದಲಾಯಿಸಿ. ಆದರೆ ಮೂಲ ಕ್ಯಾಪ್‌ನಷ್ಟೇ ಒತ್ತಡದ್ದು ಕೇಳಿ ತನ್ನಿ. ಸುಮ್ನೆ ಜಾಸ್ತಿ ಒತ್ತಡದ್ದು ಹಾಕಿದರೆ ಹಳೇ ರೇಡಿಯೇಟರ್‌ನ ಬೆಸುಗೆ ಬಿಟ್ಟುಕೊಳ್ಳುತ್ತದೆ.