ಹಾಜರಿ ಪುಸ್ತಕಕ್ಕೂ ಕೂಲಿ ಲೆಕ್ಕಕ್ಕೂ ನಡುವೆ: ಬಳ್ಳಾರಿಯ ಯುವಜನ

ಓದುತ್ತಿಲ್ಲ, ದುಡಿಯುತ್ತಿಲ್ಲ, ಯಾವ ತರಬೇತಿಯಲ್ಲೂ ಇಲ್ಲ ಎಂಬ ಮೂರು ‘ಇಲ್ಲ’ಗಳ ಮೇಲೆ ಯುವಜನರನ್ನು ಎಣಿಸುವ ಕ್ರಮ 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಢಿಗೆ ಬಂತು. ಕೇಂದ್ರ ಸರ್ಕಾರವು 2017-18ರಿಂದ ನಡೆಸುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯಲ್ಲೂ 15ರಿಂದ 29 ವರ್ಷದವರಿಗೆ ಈ ಲೆಕ್ಕವಿದೆ. ಉಕ್ಕು, ಅದಿರು, ಜೀನ್ಸ್, ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ ಎಲ್ಲವೂ ಆಸುಪಾಸಿನಲ್ಲಿರುವ ಬಳ್ಳಾರಿಯಲ್ಲಿ ಕೆಲಸವಿಲ್ಲ ಎನ್ನುವ ಹುಡುಗರೂ ಜನ ಸಿಗುತ್ತಿಲ್ಲ ಎನ್ನುವ ಮಾಲೀಕರೂ ಒಟ್ಟಿಗೇ ಇರುವುದೇಕೆ ಎಂಬುದು ಒಂದು ಕಾಲದ ಕಥೆಯಲ್ಲ.

1953ರಲ್ಲಿ ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಮೈಸೂರಿಗೆ ಸೇರಿದ ಬಳ್ಳಾರಿ, 1971ರಲ್ಲಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಕಂಡು, 90ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಖಾಸಗಿ ಕುಲುಮೆ ಉರಿಯುವವರೆಗೂ ಹತ್ತಿ, ಬೇಸಾಯ ಮತ್ತು ಸರ್ಕಾರಿ ನೌಕರಿಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿತ್ತು.

ನಿಜವಾದ ತಿರುವು ಬಂದದ್ದು 2003ರ ನಂತರ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಂತೆ ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಟಿಪ್ಪರುಗಳ ಸಾಲು ಹಗಲು ರಾತ್ರಿ ಮುರಿಯದೆ ನಿಂತಿತು. ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡ ಹುಡುಗ ಮರುಪರೀಕ್ಷೆಗೆ ಕೂರುವ ಬದಲು ಕ್ಲೀನರಾಗಿ ಲಾರಿ ಹತ್ತುತ್ತಿದ್ದ. ಕೆಂಪು ಧೂಳಿಗೆ ರೆಪ್ಪೆ, ಕಾಲರು ಒಂದೇ ಬಣ್ಣವಾಗಿ ಮನೆಗೆ ಬರುವ ಆ ಮಗನ ಜೇಬಿನಲ್ಲಿ ನಗದು ಇರುತ್ತಿದ್ದುದರಿಂದ ಶಾಲೆ ಬಿಡಿಸಿದೆವು ಎಂಬ ಅಳುಕು ಮನೆಯವರಿಗೂ ಇರಲಿಲ್ಲ. ಲೋಡಿಂಗ್, ತೂಕದ ಸೇತುವೆ, ಗ್ಯಾರೇಜು, ಢಾಬಾ, ಟೈರ್ ಅಂಗಡಿ ಎಂದು ಕೆಲಸಗಳು ಕವಲೊಡೆದವು. ಆದರೆ ಅವುಗಳಲ್ಲಿ ಯಾವುದಕ್ಕೂ ಪ್ರಮಾಣಪತ್ರವಿರಲಿಲ್ಲ, ಭವಿಷ್ಯನಿಧಿಯ ಖಾತೆಯಿರಲಿಲ್ಲ, ಮುಂದೆ ಇನ್ನೊಂದು ಕಡೆ ತೋರಿಸಿಕೊಳ್ಳಬಹುದಾದ ಒಂದು ಚೀಟಿಯೂ ಇರಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬೆಟ್ಟಗಳನ್ನು ಉಳಿಸಲು ಆ ಆದೇಶ ಬೇಕೇ ಬೇಕಾಗಿತ್ತು. ಆದರೆ ಸಾಲದ ಲಾರಿಗಳು ಜಪ್ತಿಯಾದವು, ಮುಂದಿನ ಎರಡು ವರ್ಷಗಳಲ್ಲಿ ಗಣಿಗಳು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಣೆಯಾಗಿ ಒಂದಷ್ಟು ಮತ್ತೆ ತೆರೆದವು. ಗಣಿ ಗುತ್ತಿಗೆಗಳನ್ನು ಒಂದೊಂದಾಗಿ ಅಳೆದು ವರ್ಗ ಮಾಡಿದಷ್ಟು ಶ್ರದ್ಧೆಯಿಂದ, ಹದಿನಾರಕ್ಕೆ ಶಾಲೆ ಬಿಟ್ಟು ಇಪ್ಪತ್ತೆರಡಕ್ಕೆ ಕೆಲಸ ಕಳೆದುಕೊಂಡ ಆ ಹುಡುಗರ ಪಟ್ಟಿಯನ್ನೂ ಮಾಡಬೇಕಿತ್ತು.

ಆಮೇಲೆ ಬಂದ ಯೋಜನೆಗಳೇನೂ ಕಡಿಮೆಯಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ಈ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ, ಕಾಲೇಜು ಸೀಟುಗಳಲ್ಲಿ ಮೀಸಲಾತಿ ದೊರೆಯಿತು. ಎಷ್ಟೋ ಮನೆಗಳಲ್ಲಿ ಮೊದಲ ವೈದ್ಯರು, ಮೊದಲ ಎಂಜಿನಿಯರುಗಳು ಹುಟ್ಟಿದ್ದು ಹೀಗೆ. ಆದರೆ ಅದು ಅರ್ಜಿ ಹಾಕುವ ಹಂತದವರೆಗೆ ಬಂದವರಿಗೆ ಮಾತ್ರ ಸಿಗುವ ಬಲ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಅದು ನಡೆಯುವುದಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಪಿಯುಸಿಯಲ್ಲೇ ನಿಂತವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಕಡ್ಡಾಯ ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ, ಅಪಾಯಕಾರಿಯಲ್ಲದ ಕೆಲಸಕ್ಕೆ ಸೇರಲು ಕಾನೂನು ಅನುಮತಿ ಕೊಡುವುದೂ ಅದೇ ವಯಸ್ಸಿಗೆ. ಶಿಕ್ಷಣ ಇಲಾಖೆ ದಾಖಲಾದವರನ್ನು ಎಣಿಸುತ್ತದೆ, ಐಟಿಐ ಸೇರಿದವರನ್ನು ಎಣಿಸುತ್ತದೆ, ಕಾರ್ಖಾನೆ ಕೂಲಿ ಪಡೆದವರನ್ನು ಎಣಿಸುತ್ತದೆ. ಒಂದರಿಂದ ಬಿಟ್ಟು ಇನ್ನೊಂದಕ್ಕೆ ಸೇರದೆ ಉಳಿದವರನ್ನು ಬೆನ್ನುಹತ್ತಿ ಹುಡುಕುವ ಹೊಣೆ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಎಣಿಕೆಯಲ್ಲೇ ಇನ್ನೊಂದು ತೊಡಕಿದೆ. ಜೀನ್ಸ್ ಪ್ಯಾಂಟಿನ ಹೊಲಿಗೆ ಮುಗಿದ ಮೇಲೆ ಉಳಿದ ದಾರದ ತುದಿಗಳನ್ನು ಕತ್ತರಿಸುವ ಕೆಲಸ ನಗರದ ಎಷ್ಟೋ ಮನೆಗಳ ಹೊಸ್ತಿಲಲ್ಲಿ ನಡೆಯುತ್ತದೆ. ಪಿಯುಸಿ ಬಿಟ್ಟ ಹುಡುಗಿ ಸಣ್ಣ ಕತ್ತರಿ ಹಿಡಿದು, ಪಕ್ಕದಲ್ಲಿ ನೀಲಿ ಪ್ಯಾಂಟುಗಳ ರಾಶಿ ಇಟ್ಟುಕೊಂಡು, ಪೀಸಿನ ಲೆಕ್ಕದಲ್ಲಿ ಸಂಜೆಯವರೆಗೆ ಕೂತಿರುತ್ತಾಳೆ. ಬಣ್ಣ ಬಿಟ್ಟು ಬೆರಳ ತುದಿಗಳೂ ನೀಲಿಯಾಗಿರುತ್ತವೆ. ವಾರದಲ್ಲಿ ಒಂದು ಗಂಟೆ ಸಂಪಾದನೆಯ ಕೆಲಸ ಮಾಡಿದರೂ ಸಮೀಕ್ಷೆಯ ಸಾಪ್ತಾಹಿಕ ಲೆಕ್ಕದಲ್ಲಿ ಆಕೆ ಉದ್ಯೋಗಸ್ಥೆ. ಮುಂದಿನ ವಾರ ಮಾಲು ಬರದೆ ಅಡುಗೆ, ತಮ್ಮ ತಂಗಿಯರ ಆರೈಕೆಯಲ್ಲೇ ದಿನ ಕಳೆದರೆ, ಅದೇ ಹುಡುಗಿ ಮೂರು ‘ಇಲ್ಲ’ಗಳ ಕೋಷ್ಟಕಕ್ಕೆ ಸೇರುತ್ತಾಳೆ. ಎರಡೂ ವಾರ ಆಕೆ ಕೂತದ್ದು ಅದೇ ಹೊಸ್ತಿಲಲ್ಲಿ.